ರಗ್ಗಿನಿಂದ ಮೊದಲು ಕಾಲು ಹೊರಗಿಡುವವರು ಯಾರು?

ಬೆಂಗಳೂರಿನ ಚಳಿಯ ಬಗ್ಗೆ ಬರೆಯುತ್ತೇನೆ ಅಂದರೆ ಬೀದರ್, ವಿಜಯಪುರದ ಕಡೆಯವರು ನಗುತ್ತಾರೆ. ನಗಲಿ. ಜನವರಿಯಲ್ಲಿ ಇಲ್ಲಿನ ಕನಿಷ್ಠ ತಾಪಮಾನದ ಸರಾಸರಿ 15–16 ಡಿಗ್ರಿ ಅಷ್ಟೇ. ದಾಖಲೆಯಲ್ಲಿರುವ ಅತಿ ತಣ್ಣನೆಯ ಬೆಳಗು 1884ರ ಜನವರಿ 13ರದ್ದು, 7.8 ಡಿಗ್ರಿ. ಅಲ್ಲಿಂದ ಈಚೆಗೆ ಯಾವ ಚಳಿಗಾಲಕ್ಕೂ ಅದನ್ನು ಮುರಿಯಲಾಗಿಲ್ಲ. ಅತ್ತ ಬೀದರ್, ವಿಜಯಪುರಗಳಲ್ಲಿ ಶೀತಗಾಳಿ ಬೀಸಿದ ವಾರ ಪಾದರಸ ಹತ್ತರ ಕೆಳಗಿಳಿಯುವುದು ಮಾಮೂಲು. ಅಲ್ಲಿಂದ ಬಂದವರಿಗೆ ನಮ್ಮ ಮಂಕಿ ಕ್ಯಾಪು, ಮಫ್ಲರು ನಾಟಕ ಕಂಪನಿಯ ವೇಷದಂತೆ ಕಂಡರೆ ತಪ್ಪೇನಿಲ್ಲ.

ಆದರೆ ಹವಾಮಾನ ಇಲಾಖೆಯ ಅಂಕಿ ಮನೆಯ ಹೊರಗಿನದು. ಗಂಡ–ಹೆಂಡತಿ ಇಬ್ಬರೂ ದುಡಿಯುವ, ಹಿರಿಯರು ಯಾರೂ ಜೊತೆಗಿಲ್ಲದ, ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಚಳಿಯ ಲೆಕ್ಕವೇ ಬೇರೆ. ಅಲ್ಲಿ ಎಷ್ಟು ಡಿಗ್ರಿ ಎಂಬುದು ಮುಖ್ಯವಲ್ಲ. ಬೆಳಿಗ್ಗೆ ಮೊದಲು ಏಳುವವರು ಯಾರು ಎಂಬುದು ಮುಖ್ಯ.

ತ್ಯಾಗರಾಜನಗರದ ನಮ್ಮ ಮನೆಯ ಮಹಡಿಯಲ್ಲಿ ಅಂಥದೊಂದು ಜೋಡಿ ಇದೆ. ಮದುವೆಯಾದ ಮೇಲೆ ಇದು ಎರಡನೇ ಚಳಿಗಾಲ. ಹುಡುಗ ತುಮಕೂರು ಕಡೆಯವನು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಹುಡುಗಿ ವಿಜಯಪುರದವಳು, ಅಮೆರಿಕದ ಕಂಪನಿಯೊಂದರ ಲೆಕ್ಕಪತ್ರದ ಕೆಲಸವನ್ನು ವಾರದಲ್ಲಿ ಮೂರು ದಿನ ಮನೆಯಿಂದ, ಎರಡು ದಿನ ಕಚೇರಿಯಿಂದ ಮಾಡುತ್ತಾಳೆ. ಹೆಸರು ಹಾಕಬೇಡಿ ಅಂದಿದ್ದಾರೆ. ಹಾಕದಿದ್ದರೂ ನಷ್ಟವಿಲ್ಲ, ಈ ಊರಿನ ಯಾವ ಬೀದಿಗೆ ಹೋದರೂ ಅವರಂಥ ನಾಲ್ಕು ಮನೆ ಸಿಗುತ್ತವೆ. ಬಂದ ಮೊದಲ ಡಿಸೆಂಬರಿನಲ್ಲಿ ಮೆಟ್ಟಿಲ ಬಳಿ ಸಿಕ್ಕವಳು, "ಇದೂ ಒಂದ್ ಥಂಡಿ ಏನ್ರೀ? ನಮ್ಮೂರಿಗೆ ಬಂದ್ ನೋಡ್ರಿ" ಅಂದಿದ್ದಳು. ಈ ವರ್ಷ ಆಕೆಯೇ ಕಾಲಿಗೆ ಸಾಕ್ಸು, ಕಿವಿಗೆ ಸ್ಕಾರ್ಫು ಸುತ್ತಿಕೊಂಡು ಹಾಲಿಗೆ ಇಳಿಯುತ್ತಾಳೆ. ಊರೇನೂ ಹೆಚ್ಚು ತಣ್ಣಗಾಗಿಲ್ಲ. ತವರಿನಲ್ಲಿ ಚಳಿಯಿದ್ದಾಗ ಮೊದಲು ಏಳುತ್ತಿದ್ದವರು ಅವಳ ಅಮ್ಮ, ಅಷ್ಟೇ ವ್ಯತ್ಯಾಸ.

ಡಿಸೆಂಬರ್ 21–22ರದೇ ವರ್ಷದ ಅತಿ ಗಿಡ್ಡ ಹಗಲು ಎಂದು ಶಾಲೆಯಲ್ಲಿ ಓದಿದವರು, ಅದು ಕಳೆದ ಮೇಲೆ ಬೆಳಕು ಬೇಗ ಹರಿಯುತ್ತದೆ ಎಂದುಕೊಂಡಿರುತ್ತಾರೆ. ಬೆಂಗಳೂರಿನಲ್ಲಿ ಹಾಗಾಗುವುದಿಲ್ಲ. ಸಂಜೆಯೇನೋ ಸ್ವಲ್ಪ ಸ್ವಲ್ಪ ಉದ್ದವಾಗುತ್ತದೆ. ಬೆಳಗು ಮಾತ್ರ ತಡವಾಗುತ್ತಲೇ ಹೋಗಿ, ಜನವರಿಯ ಕೊನೆಯ ಹೊತ್ತಿಗೆ ಸೂರ್ಯೋದಯ ಹೆಚ್ಚುಕಡಿಮೆ ಆರೂ ಮುಕ್ಕಾಲಕ್ಕೆ ಬಂದು ನಿಲ್ಲುತ್ತದೆ. ಸಂಕ್ರಾಂತಿಯ ಎಳ್ಳು–ಬೆಲ್ಲ ಮುಗಿದ ಮೇಲೂ ಆರಕ್ಕೆ ಎದ್ದವರಿಗೆ ಕತ್ತಲೆಯೇ ಗತಿ. ಧನುರ್ಮಾಸದಲ್ಲಿ ಐದಕ್ಕೇ ದೇವಸ್ಥಾನದ ಗಂಟೆ ಶುರು. ಹುಗ್ಗಿಯ ಪ್ರಸಾದಕ್ಕೆ ಶಾಲು ಹೊದ್ದ ಹಿರಿಯರು ಹೊರಡುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದ ಪಕ್ಕದ ಮನೆಯ ಹುಡುಗ ತಣ್ಣೀರು ಸುರಿದುಕೊಳ್ಳುತ್ತ ಶರಣು ಕೂಗುವುದು ಬೀದಿಗೆಲ್ಲ ಕೇಳುತ್ತದೆ. ಆ ಕೂಗಿನಲ್ಲಿ ಭಕ್ತಿ ಎಷ್ಟು, ನಡುಕ ಎಷ್ಟು ಎಂದು ಹೇಳುವುದು ಕಷ್ಟ. ಮಹಡಿ ಮನೆಯ ಅಲಾರಂ ಐದೂ ಮುಕ್ಕಾಲಕ್ಕೆ. ಹೊಡೆಯುತ್ತದೆ, ನಿಲ್ಲುತ್ತದೆ, ಮತ್ತೆ ಹೊಡೆಯುತ್ತದೆ.

ಮೊದಲು ಎದ್ದವರ ಪಾಲಿಗೆ ಬರುವುದು ಗೀಸರ್ ಸ್ವಿಚ್ ಒತ್ತುವ ಕೆಲಸವೊಂದೇ ಆಗಿದ್ದರೆ ಯಾವ ಮನೆಯಲ್ಲೂ ಜಗಳವಿರುತ್ತಿರಲಿಲ್ಲ. ಹೇಗೂ ಎದ್ದಾಯಿತಲ್ಲ ಎಂದು ಹಾಲು ಕಾಯಿಸಬೇಕು. ಹಾಲು ಉಕ್ಕುವಷ್ಟರಲ್ಲಿ ಫಿಲ್ಟರಿಗೆ ಕಾಫಿಪುಡಿ ಹಾಕಬೇಕು. ಸಿಂಕಿನಲ್ಲಿ ರಾತ್ರಿಯ ಪಾತ್ರೆ ಇದೆ. ಓವರ್‌ಹೆಡ್ ಟ್ಯಾಂಕಿನ ನೀರು ಕೈಬೆರಳಿನ ಗಂಟು ಹಿಡಿಸುವಷ್ಟು ತಣ್ಣಗಿದೆ. ಕೆಲಸದವರು ಬರುವುದು ಎಂಟಕ್ಕೆ, ಅದೂ ಬಂದರೆ. ಅಷ್ಟರಲ್ಲಿ ಕುಕ್ಕರ್ ಎರಡು ವಿಷಲ್ ಹಾಕಿಬಿಡಬೇಕು. ಇತ್ತ ರಗ್ಗಿನೊಳಗಿದ್ದವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅವರ ಲೆಕ್ಕದಲ್ಲಿ ಎದ್ದವರು ತಮಗಿಂತ ಇಪ್ಪತ್ತು ನಿಮಿಷ ಮುಂಚೆ ಎದ್ದಿದ್ದಾರೆ, ಅಷ್ಟೇ.

ಕೇಂದ್ರ ಸರ್ಕಾರ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಈ ಇಪ್ಪತ್ತು ನಿಮಿಷಗಳ ಮೊತ್ತ ಸಿಗುತ್ತದೆ. ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇದು 299 ಮತ್ತು 97 ಇತ್ತು. ಅಂದರೆ ಇಬ್ಬರ ನಡುವಿನ ಅಂತರ 202 ನಿಮಿಷ ಇದ್ದದ್ದು 201 ಆಗಿದೆ. ಐದು ವರ್ಷದ ಪ್ರಗತಿ ಒಂದು ನಿಮಿಷ! ಮಹಡಿ ಮನೆಯ ಹುಡುಗನಿಗೆ ಈ ಅಂಕಿ ತೋರಿಸಿದೆ. "ನಾನು ಎಂಬತ್ತೆಂಟಕ್ಕಿಂತ ಜಾಸ್ತಿ ಮಾಡ್ತೀನಿ ಸರ್" ಅಂದ. ಮಾಡುತ್ತಾನೆ, ನಿಜ. ಆದರೆ ಅವನ ಹೆಚ್ಚಿನ ಪಾಲು ಸಂಜೆಯದು, ಮಾರುಕಟ್ಟೆಯದು, ಸ್ಕೂಟರಿನದು. ಬೆಳಗಿನ ತಣ್ಣೀರಿನದು ಬಹುಕಾಲ ಅವಳದೇ ಆಗಿತ್ತು.

ಗೀಸರಿನ ವಿಷಯ ಇನ್ನೊಂದಿದೆ. ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿರುವುದು ಹದಿನೈದು ಲೀಟರಿನದು. ಎರಡು ಕಿಲೋವ್ಯಾಟಿನ ಕಾಯಿಲ್ ಇದ್ದರೂ ಚಳಿಗಾಲದ ನೀರು ಸ್ನಾನದ ಹದಕ್ಕೆ ಬರಲು ಕಾಲು ಗಂಟೆಯಾದರೂ ಬೇಕು. ಮೊದಲು ಹೋದವರು ಮೈಮರೆತು ನಲ್ಲಿ ಬಿಟ್ಟುಕೊಂಡರೆ ಎರಡನೆಯವರು ಮತ್ತೆ ಕಾಲು ಗಂಟೆ ಟವೆಲ್ ಹೆಗಲಿಗೆ ಹಾಕಿಕೊಂಡು ಕಾಯಬೇಕು. ಸೋಲಾರ್ ಇಲ್ಲವೇ ಅಂತೀರಿ. ಇದೆ. ರಾಜ್ಯದಲ್ಲಿ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾದದ್ದು 2007ರಲ್ಲಿ. ಅಲ್ಲಿಂದೀಚೆಗೆ ಬೆಂಗಳೂರಿನ ತಾರಸಿಗಳ ತುಂಬ ಗಾಜಿನ ಕೊಳವೆಗಳೇ. ತಾರಸಿಯ ಮೇಲೆ ನೀರು ಬಿಸಿಯಾಗಿಯೇ ಇರುತ್ತದೆ, ಆದರೆ ಬಚ್ಚಲಿನವರೆಗಿನ ಪೈಪಿನಲ್ಲಿ ರಾತ್ರಿಯೆಲ್ಲ ನಿಂತು ತಣ್ಣಗಾದ ನೀರು ಮೊದಲು ಬರಬೇಕಲ್ಲ. ಒಂದೂವರೆ ಬಕೆಟ್ ಹಾಗೇ ಹೋಗುತ್ತದೆ. ಮಹಡಿಯವರು ಅದನ್ನು ಹಿಡಿದಿಟ್ಟು ನೆಲ ಒರೆಸಲು ಬಳಸುತ್ತಾರೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ್ದನ್ನು ಕಂಡ ಊರಿನಲ್ಲಿ ಹಾಗೆ ಮಾಡದೆ ವಿಧಿಯಿಲ್ಲ.

ಇನ್ನು ಬಂಗಾಳಕೊಲ್ಲಿಯ ಮರ್ಜಿ. ನಮ್ಮ ಚಳಿಗಾಲ ಅರ್ಧ ಉತ್ತರದ ಗಾಳಿಯದು, ಅರ್ಧ ಚೆನ್ನೈ ಕಡೆಯಿಂದ ಬರುವ ಮೋಡದ್ದು. 2022ರ ಡಿಸೆಂಬರಿನಲ್ಲಿ ಮಾಂಡೌಸ್ ಚಂಡಮಾರುತ ಬಂದಾಗ, ಮತ್ತೆ 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ದಡ ಮುಟ್ಟಿದಾಗ, ಇಲ್ಲಿ ದಿನಗಟ್ಟಲೆ ಬಿಸಿಲಿನ ಸುಳಿವಿಲ್ಲದೆ ಜಿಟಿಜಿಟಿ ಹಿಡಿದಿತ್ತು. ಆಗ ಸೋಲಾರ್ ನೀರೂ ಇಲ್ಲ, ಬಟ್ಟೆ ಒಣಗುವುದೂ ಇಲ್ಲ.

ಬಟ್ಟೆಯ ಮಾತು ಬಂತು. ಮಹಡಿ ಮನೆಯ ಬಾಲ್ಕನಿ ಉತ್ತರಕ್ಕಿದೆ. ವಾಸ್ತು ನೋಡುವವರಿಗೆ ಉತ್ತರ ದಿಕ್ಕು ಕುಬೇರನದು, ಅದಕ್ಕೆಂದೇ ಸಾವಿರ ರೂಪಾಯಿ ಹೆಚ್ಚು ಬಾಡಿಗೆ ಕೇಳುವವರಿದ್ದಾರೆ. ಬಟ್ಟೆ ಒಣಗಿಸುವವರ ವಾಸ್ತು ಬೇರೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನಡುನೆತ್ತಿ ದಾಟಿ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಚಳಿಗಾಲದಲ್ಲಿ ಅವನು ದಕ್ಷಿಣದ ಕಡೆಯೇ ಓಡಾಡುತ್ತಾನೆ, ಡಿಸೆಂಬರ್ ಕೊನೆಯ ಮಟಮಟ ಮಧ್ಯಾಹ್ನವೂ 54 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಉತ್ತರದ ಬಾಲ್ಕನಿಗೆ ಬಿಸಿಲು ಬೇಕಿಲ್ಲದ ಮೇ ತಿಂಗಳಲ್ಲಿ ಬಿಸಿಲು, ಬೇಕಾದ ಡಿಸೆಂಬರಿನಲ್ಲಿ ನೆರಳು. ಪಕ್ಕದ ಕಟ್ಟಡಕ್ಕೂ ನಮಗೂ ನಡುವೆ ಇರುವ ಐದಡಿ ಸಂದಿಯಿಂದ ಗಾಳಿ ಬಂದರೆ ಬಂತು. ಜೀನ್ಸ್ ಪ್ಯಾಂಟೊಂದು ಮೂರು ದಿನ ನೇತಾಡುತ್ತದೆ. ಸೊಂಟದ ಪಟ್ಟಿ ನಾಲ್ಕನೇ ದಿನವೂ ಹಸಿ. ಒಳಉಡುಪನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸುವ ವಿದ್ಯೆ ಈ ಊರಿನ ಎಷ್ಟು ಬಾಡಿಗೆ ಮನೆಗಳಲ್ಲಿದೆಯೋ!

ಅಡುಗೆಮನೆಗೂ ಚಳಿ ಗೊತ್ತಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುವ ಸ್ವಭಾವದ್ದು. ಹಾಗಾಗಿ ಡಿಸೆಂಬರಿನಲ್ಲಿ ಬಾಟಲಿ ತಲೆಕೆಳಗು ಮಾಡಿದರೂ ಹನಿ ಬೀಳುವುದಿಲ್ಲ. ಬಿಸಿನೀರಿನ ಮಗ್ಗಿನಲ್ಲಿ ಅದನ್ನು ನಿಲ್ಲಿಸಿಯೇ ತಲೆಗೆ ಹಚ್ಚಿಕೊಳ್ಳಬೇಕು. ಮೊಸರು ಹೆಪ್ಪುಗಟ್ಟದೆ ನೀರುನೀರು. ದೋಸೆ ಹಿಟ್ಟು ಅದಕ್ಕಿಂತ ಹಟಮಾರಿ. ಬೇಸಿಗೆಯಲ್ಲಿ ಎಂಟು ಗಂಟೆಯಲ್ಲಿ ಉಕ್ಕಿ ಪಾತ್ರೆಯಿಂದಾಚೆ ಬರುವ ಹಿಟ್ಟು ಈಗ ಹದಿನಾಲ್ಕು ಗಂಟೆ ಕಳೆದರೂ ರುಬ್ಬಿದಾಗ ಎಲ್ಲಿತ್ತೋ ಅಲ್ಲೇ. ಅದಕ್ಕೆ ಮಹಡಿಯ ಹುಡುಗ ಕಂಡುಕೊಂಡ ಉಪಾಯ ನನಗೆ ಹಿಡಿಸಿತು. ಹಾಲ್‌ನಲ್ಲಿ ಎತ್ತರದ ಶೆಲ್ಫಿನ ಮೇಲೆ ವೈ–ಫೈ ರೌಟರ್ ಇದೆ. ಹಗಲು ರಾತ್ರಿ ಉರಿಯುವ ಅದರ ಮೈ ಸದಾ ಬೆಚ್ಚಗೆ. ಹಿಟ್ಟಿನ ಡಬ್ಬಿಯನ್ನು ಹಳೇ ಟವೆಲಿನಲ್ಲಿ ಸುತ್ತಿ ಅದರ ಪಕ್ಕ ಒತ್ತರಿಸಿ ಇಡುತ್ತಾನೆ. ಅಜ್ಜಿ ಹಿಟ್ಟಿನ ಪಾತ್ರೆಯನ್ನು ಇಡುತ್ತಿದ್ದದ್ದು ಆರಿದ ಒಲೆಯ ಪಕ್ಕದಲ್ಲಿ. ಮೊಮ್ಮಗ ಇಂಟರ್ನೆಟ್ಟಿನ ಪಕ್ಕ ಇಡುತ್ತಾನೆ. ಹಿಟ್ಟು ಹುದುಗು ಬರುತ್ತದೆ, ಅದಂತೂ ಸತ್ಯ. ಉಕ್ಕಿದ ದಿನ ರೌಟರಿನ ಗತಿ ಏನು ಎಂಬುದನ್ನು ಅವನು ಯೋಚಿಸಿದಂತಿಲ್ಲ.

ಈ ಸಣ್ಣಪುಟ್ಟ ಕಿರಿಕಿರಿಗಳನ್ನೆಲ್ಲ ಒಂದು ಕಡೆ ಇಟ್ಟರೂ, ಐಟಿ ಕೆಲಸದ ದಂಪತಿಗೆ ನಿಜವಾದ ಚಳಿಗಾಲ ಶುರುವಾಗುವುದು ನವೆಂಬರಿನ ಮೊದಲ ಭಾನುವಾರ. ಅವತ್ತು ಅಮೆರಿಕದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬ್ರಿಟನ್ನಿನವರು ಅದಕ್ಕೂ ಮುಂಚೆ, ಅಕ್ಟೋಬರ್ ಕೊನೆಯ ಭಾನುವಾರವೇ ತಿರುಗಿಸಿರುತ್ತಾರೆ. ನಾವು ಯಾವುದನ್ನೂ ತಿರುಗಿಸುವುದಿಲ್ಲ, ಆದರೆ ನಮ್ಮ ಊಟದ ಹೊತ್ತು ತಿರುಗುತ್ತದೆ. ನ್ಯೂಯಾರ್ಕಿನ ಬೆಳಗಿನ ಒಂಬತ್ತರ ಸಭೆ ಬೇಸಿಗೆಯಲ್ಲಿ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಕ್ಯಾಲಿಫೋರ್ನಿಯಾದ ಒಂಬತ್ತು ಇನ್ನೂ ಕಷ್ಟ: ರಾತ್ರಿ ಒಂಬತ್ತೂವರೆಗೆ ಇದ್ದದ್ದು ಹತ್ತೂವರೆಗೆ ಹೋಗುತ್ತದೆ. ಬೇಗ ಕತ್ತಲಾಗುವ, ಬೇಗ ಮಲಗಬೇಕೆನಿಸುವ ತಿಂಗಳುಗಳಲ್ಲೇ ಲ್ಯಾಪ್‌ಟಾಪ್ ಮುಚ್ಚುವುದು ತಡವಾಗುತ್ತದೆ. ಮಾರ್ಚ್ ಎರಡನೇ ಭಾನುವಾರದವರೆಗೆ ಇದೇ ಪಾಡು.

ಮಹಡಿಯಲ್ಲಿ ಏಳೂವರೆ ಅಂದರೆ ಚಪಾತಿ ಹಿಟ್ಟು ಕಲಸುವ ಹೊತ್ತು. ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೈಕ್ ಮ್ಯೂಟ್ ಮಾಡಿ ಈರುಳ್ಳಿ ಹೆಚ್ಚುತ್ತಾಳೆ. ಹೆಸರು ಕರೆದ ಕೂಡಲೇ ಮೊಣಕೈಯಿಂದ ಮ್ಯೂಟ್ ತೆಗೆಯುತ್ತಾಳೆ, ಕೈಯೆಲ್ಲ ಹಿಟ್ಟಲ್ಲವೆ. ಇತ್ತ ಹುಡುಗ ಆರೂವರೆಗೆ ಕಚೇರಿ ಬಿಟ್ಟು, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೊ ಹಿಡಿದು ಆರ್.ವಿ. ರೋಡಿಗೆ ಬಂದು, ಅಲ್ಲಿಂದ ಸ್ಕೂಟರಿನಲ್ಲಿ ಮನೆಗೆ ಬರುತ್ತಾನೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹೊಗೆಯನ್ನು ಕೆಳಗೆ ಬಿಟ್ಟು ಮೇಲೆ ಬರುವ ಸುಖ ಹೇಳತೀರದು ಎನ್ನುತ್ತಾನೆ. ಅವನು ಬಂದಾಗ ಅವಳು ಸಭೆಯಲ್ಲಿ. ಕೆಲವು ದಿನ ಅವಳ ಸಭೆ ಮುಗಿದಾಗ ಅವನದೊಂದು ಶುರು. ಒಂದೇ ಮನೆಯಲ್ಲಿದ್ದೂ ಇಬ್ಬರೂ ವಾಟ್ಸ್ಆ್ಯಪಿನಲ್ಲಿ "ಸಾರು ಬಿಸಿ ಮಾಡ್ಲಾ?" ಎಂದು ಕೇಳಿಕೊಳ್ಳುತ್ತಾರೆ.

ಕೆಲವು ರಾತ್ರಿ ಸೋತು ಫೋನಿನಲ್ಲೇ ಊಟ ತರಿಸುತ್ತಾರೆ. ಇದರಲ್ಲಿ ನನ್ನದೊಂದು ತಕರಾರಿದೆ. ಹಸಿವಾದವರು ಊಟ ತರಿಸಲಿ, ಬೇಡವೆನ್ನುವುದಿಲ್ಲ. ಆದರೆ ಹನ್ನೊಂದು ಗಂಟೆ ರಾತ್ರಿಯ ಮಂಜಿನಲ್ಲಿ, ತೆಳ್ಳನೆಯ ಟೀ ಶರ್ಟಿನ ಮೇಲೆ ರೈನ್‌ಕೋಟನ್ನೇ ಸ್ವೆಟರ್ ಮಾಡಿಕೊಂಡು ಬರುವ ಹುಡುಗನಿಂದ ಒಂದು ಚಾಕೊಲೇಟು, ಎರಡು ಕಪ್ ಕಾಫಿ ತರಿಸುವುದು ನನಗೆ ಒಗ್ಗುವುದಿಲ್ಲ. ನಮ್ಮ ಚಳಿ ತಪ್ಪಿಸಿಕೊಳ್ಳಲು ಇನ್ನೊಬ್ಬನನ್ನು ಚಳಿಗೆ ಕಳಿಸಿದಂತಾಯಿತು. ಮಹಡಿಯವರ ಬಳಿ ಇದನ್ನು ಹೇಳಿದಾಗ ಹುಡುಗಿ, "ಅವನಿಗೂ ಆರ್ಡರ್ ಬೇಕಲ್ರೀ" ಅಂದಳು. ಅದೂ ನಿಜವೇ. ಆಮೇಲಿಂದ ಕಾಫಿ ಮಾತ್ರ ತರಿಸುತ್ತಿಲ್ಲವಂತೆ.

ಕೊನೆಗೆ ಅವರು ಒಂದು ನಿಯಮ ಮಾಡಿಕೊಂಡರು. ಹಿಂದಿನ ರಾತ್ರಿ ಯಾರ ಸಭೆ ತಡವಾಗಿ ಮುಗಿಯಿತೋ ಅವರು ಮರುದಿನ ಎರಡನೆಯವರಾಗಿ ಏಳುವುದು. ಗಂಡ–ಹೆಂಡತಿ ಎಂಬ ಲೆಕ್ಕವಿಲ್ಲ, ಗಡಿಯಾರದ ಲೆಕ್ಕ. ನವೆಂಬರಿನಿಂದ ಅವಳ ಸಭೆಗಳೇ ಹೆಚ್ಚು ತಡವಾಗುವುದರಿಂದ ಚಳಿಗಾಲವಿಡೀ ತಣ್ಣೀರಿಗೆ ಮೊದಲು ಕೈ ಹಾಕುವ ಸರದಿ ಹೆಚ್ಚಾಗಿ ಅವನದಾಯಿತು. ಮೊದಮೊದಲು ಅವನ ಅಮ್ಮ ಫೋನಿನಲ್ಲಿ, "ನೀನ್ಯಾಕಪ್ಪ ಪಾತ್ರೆ ತೊಳೀತಿದೀಯ?" ಎಂದು ಮೂರು ಸಲ ಕೇಳಿದರು. ನಾಲ್ಕನೆಯ ಸಲ, "ಬಿಸಿನೀರು ಬಿಟ್ಕೊಂಡು ತೊಳಿ, ಜಿಡ್ಡು ಹೋಗುತ್ತೆ" ಅಂದರಂತೆ.

ಇನ್ನೊಂದು ವ್ಯಾಜ್ಯ ಫ್ಯಾನಿನದು. ಇದು ಮಹಡಿ ಮನೆಯದೊಂದೇ ಅಲ್ಲ. ವಿಚಾರಿಸಿದರೆ ನಿಮ್ಮ ಮನೆಯಲ್ಲೂ ಹೊರಬೀಳುತ್ತದೆ. ಹುಡುಗನಿಗೆ ಚಳಿಯಲ್ಲೂ ಫ್ಯಾನ್ ಬೇಕು. ಸೊಳ್ಳೆ ಬರಬಾರದು, ಸದ್ದು ಇರಬೇಕು. ಹುಡುಗಿಗೆ ಫ್ಯಾನ್ ಹಾಕಿ ರಗ್ಗು ಹೊದೆಯುವುದು ಶುದ್ಧ ಹುಚ್ಚು. ಸಂಧಾನವಾಗಿ ಫ್ಯಾನ್ ಒಂದರಲ್ಲಿ ನಿಂತಿದೆ. ಹೊದಿಕೆಯಲ್ಲಿ ಮಾತ್ರ ಅವಳೇ ಗೆದ್ದಳು. ಮದುವೆಗೆ ಯಾರೋ ಕೊಟ್ಟ ಮಿಂಚುವ ಡಬಲ್ ರಗ್ಗನ್ನು ಮೂಲೆಗಿಟ್ಟು, ತವರಿನಿಂದ ಕೌದಿ ತಂದಳು. ಅವಳ ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಅವಳದೇ ಸ್ಕೂಲಿನ ನೀಲಿ ಲಂಗ ಎಲ್ಲ ಪದರ ಪದರವಾಗಿ ಸೇರಿಸಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕಿ ಮಾಡಿದ್ದು. ನಾಲ್ಕು ಮೂಲೆಗೆ ತ್ರಿಕೋನದ ತುಂಡುಗಳು. ಬಿಸಿಲಿಗೆ ಹಾಕಲು ತಾರಸಿಗೆ ತಂದಾಗ ಹಿಡಿದು ನೋಡಿದೆ. ಭಾರವಿದೆ, ಆದರೆ ಉಸಿರು ಕಟ್ಟಿಸುವ ಭಾರವಲ್ಲ. "ಒಬ್ಬರು ಎಳಕೊಂಡ್ರ ಇನ್ನೊಬ್ಬರಿಗೆ ಉಳಿಯೂದಿಲ್ಲ, ಅಗಲ ಕಡಿಮಿ ಐತಿ" ಎಂದು ನಕ್ಕಳು. ಅಂಗಡಿಯ ಪಾಲಿಯೆಸ್ಟರ್ ಕಂಫರ್ಟರಿಗೆ ನಾಲ್ಕು ಸಾವಿರ ಕೊಡುವವರು ಊರಿಗೆ ಹೋದಾಗ ಹಳೇ ಸೀರೆಗಳ ಗಂಟು ಬಿಚ್ಚಿ ನೋಡುವುದು ಒಳ್ಳೆಯದು.

ಎಳ್ಳ ಅಮಾವಾಸ್ಯೆ ಅವಳಿಗೆ ಊರು ನೆನಪಾಗುವ ದಿನ. ಮಾರ್ಗಶಿರದ ಅಮಾವಾಸ್ಯೆಗೆ ಉತ್ತರ ಕರ್ನಾಟಕದಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಆಳೆತ್ತರಕ್ಕೆ ನಿಂತ ಬಿಳಿಜೋಳ, ಕಡಲೆ, ಕುಸುಬೆಯ ನಡುವೆ ಕೂಗುತ್ತ ಚರಗ, ಅಂದರೆ ಭೂತಾಯಿಗೆ ಎಡೆ, ಚೆಲ್ಲಿ, ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಕಟ್ಟಿ ತಂದ ಬುತ್ತಿ ಬಿಚ್ಚುತ್ತಾರೆ. ಬೆಂಗಳೂರಿನ ಕಂಪನಿಗಳ ರಜಾಪಟ್ಟಿಯಲ್ಲಿ ಅದಿಲ್ಲ. ಮೊದಲ ವರ್ಷ ಅಳು ಬಂದಿತ್ತಂತೆ. ಈ ಸಲ ಹಿಂದಿನ ರಾತ್ರಿಯೇ ಸಜ್ಜಿ ರೊಟ್ಟಿ ತಟ್ಟಿ, ಬೆಳಿಗ್ಗೆ ಏಳಕ್ಕೆ ಇಬ್ಬರೂ ತಾರಸಿ ಹತ್ತಿದರು. ನಮ್ಮ ತಾರಸಿಯಲ್ಲಿ ಹೊಲವೆಂದರೆ ಹತ್ತು ಕುಂಡ: ಕರಿಬೇವು, ದೊಡ್ಡಪತ್ರೆ, ಒಂದು ಸೊರಗಿದ ಟೊಮೆಟೊ ಗಿಡ. ಅದರ ಸುತ್ತಲೇ ಚರಗ ಚೆಲ್ಲಿದಳು. ಹುಡುಗ ತುಮಕೂರಿನವನು, ಏನು ಕೂಗಬೇಕೆಂದು ತಿಳಿಯದೆ ಚೊಂಬು ಹಿಡಿದು ಹಿಂದೆ ಹಿಂದೆ ಹೋದ. ನಮಗೂ ಎರಡು ಹೋಳಿಗೆ ಬಂತು. ಎಂಟೂವರೆಗೆ ಇಬ್ಬರೂ ಲಾಗಿನ್ ಆಗಿದ್ದರು.

ತಿರುಗಾಡುವವರಿಗೆ ಈ ಊರಿನ ಚಳಿಗಾಲದಲ್ಲಿ ಬರವಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಜನವರಿಯ ಮೊದಲ ವಾರದ ಹೊತ್ತಿಗೆ ಕುಮಾರಕೃಪಾ ರಸ್ತೆಯ ಚಿತ್ರಸಂತೆ, ಗಣರಾಜ್ಯೋತ್ಸವಕ್ಕೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಹೊಸ ದಂಪತಿಗೆ ನನ್ನ ಶಿಫಾರಸು ಪರಿಷೆಗೆ. ಲಾಲ್‌ಬಾಗಿನಲ್ಲಿ ಹೂವಿಗಿಂತ ಮುಂದಿನವರ ತಲೆ ಕಾಣುವುದೇ ಹೆಚ್ಚು. ಪರಿಷೆಯಲ್ಲಿ ಒಂದು ಪೊಟ್ಟಣ ಹುರಿದ ಕಾಯಿ ಹಿಡಿದು, ಸಿಪ್ಪೆ ಬೀದಿಗೆ ಚೆಲ್ಲುತ್ತ ರಾತ್ರಿ ಹತ್ತರವರೆಗೆ ನಡೆಯಬಹುದು, ಯಾರೂ ಏನೂ ಅನ್ನುವುದಿಲ್ಲ.

ಒಂದು ಗಂಭೀರ ಮಾತು ಇಲ್ಲೇ ಹೇಳಿಬಿಡಬೇಕು. ಕರೆಂಟಿನ ಬಿಲ್ ಉಳಿಸಲು ಹಲವು ಬಾಡಿಗೆ ಮನೆಗಳಲ್ಲಿ ಗ್ಯಾಸ್ ಗೀಸರ್ ಹಾಕಿಸಿರುತ್ತಾರೆ. ಚಳಿಗಾಳಿ ಬರುತ್ತದೆಂದು ಬಚ್ಚಲಿನ ವೆಂಟಿಲೇಟರಿಗೆ ರಟ್ಟು ತುರುಕುತ್ತಾರೆ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಚಿಲಕ ತೆಗೆಯಲು ಶಕ್ತಿಯಿರುವುದಿಲ್ಲ. ಸ್ನಾನಕ್ಕೆ ಹೋದವರು ಹೊರಬರಲಿಲ್ಲ ಎಂಬ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದುತ್ತಲೇ ಇದ್ದೇವೆ. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ವೆಂಟಿಲೇಟರಿನ ರಟ್ಟನ್ನು ಇವತ್ತೇ ಕೀಳಿ.

ಇನ್ನು ಅವರೆಕಾಯಿ. ಅದಿಲ್ಲದೆ ಹಳೇ ಮೈಸೂರಿನವರ ಚಳಿಗಾಲದ ಲೇಖನ ಮುಗಿಯಬಾರದು. ಮಾಗಡಿ, ಹೊಸಕೋಟೆ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯಿಂದ ಮೂಟೆ ಮೂಟೆ ಬಂದು ಗಾಂಧಿಬಜಾರಿನ ಫುಟ್‌ಪಾತಿನಲ್ಲಿ ಗುಡ್ಡೆ ಬೀಳುತ್ತದೆ. ಸಜ್ಜನ್ ರಾವ್ ವೃತ್ತದ ತಿಂಡಿ ಬೀದಿಯಲ್ಲಿ ಶುರುವಾದ ಅವರೆಬೇಳೆ ಮೇಳ ಈಚಿನ ವರ್ಷಗಳಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬೆಳೆದಿದೆ. ಅಲ್ಲಿ ಅವರೆಯ ಜಿಲೇಬಿ, ಐಸ್‌ಕ್ರೀಮ್ ಕೂಡ ಸಿಗುತ್ತದೆ. ಅವೆರಡನ್ನೂ ಕುತೂಹಲಕ್ಕೆ ಒಂದು ಸಲ ತಿನ್ನಬಹುದು, ಎರಡನೇ ಸಲಕ್ಕೆ ಕಾರಣ ಕಾಣುವುದಿಲ್ಲ.

ಭಾನುವಾರ ಮಧ್ಯಾಹ್ನ ಮಹಡಿಯವರು ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು ಕೂತಿದ್ದಾಗ ನಾನೂ ಹೋಗಿದ್ದೆ. ಹುಡುಗಿಗೆ ಕಾಯಿ ಬಿಡಿಸುವುದು ಹೊಸತು. ಒಂದರಲ್ಲಿ ಹಸಿರು ಹುಳ ಕಂಡು ಕಾಯಿಯನ್ನೇ ಎಸೆದಳು. ಹುಡುಗ ಅದನ್ನು ಎತ್ತಿಕೊಂಡು, ಹುಳವನ್ನು ಕಿಟಕಿಯಾಚೆ ಕೊಡವಿ, ಕಾಳನ್ನು ಪಾತ್ರೆಗೆ ಹಾಕಿದ. ನೀರಲ್ಲಿ ನೆನೆದ ಕಾಳನ್ನು ಹೆಬ್ಬೆರಳು–ತೋರುಬೆರಳಿನ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಚಂಗನೆ ಜಿಗಿಯುತ್ತದೆ. ಅವಳ ಮೊದಲ ಹತ್ತು ಬೇಳೆ ಸೋಫಾದ ಕೆಳಗೆ ಹೋದವು. ಅರ್ಧ ಗಂಟೆಯಲ್ಲಿ ಕೈ ಹದ ಕಂಡಿತು. ಬೆರಳ ತುದಿಗೆ ಸೊಗಡಿನ ಅಂಟು, ಉಗುರಲ್ಲಿ ಹಸಿರು. ಆ ಕೈಯಲ್ಲಿ ಫೋನ್ ಮುಟ್ಟುವಂತಿಲ್ಲ. ಟೀಪಾಯಿಯ ಮೇಲೆ ಎರಡೂ ಫೋನುಗಳು ಗುಂಯ್‌ಗುಟ್ಟುತ್ತಿದ್ದರೂ ಇಬ್ಬರೂ ನೋಡಲಿಲ್ಲ. ಅವಳ ಅಮ್ಮನ ಮಂಡಿ ಆಪರೇಷನ್ನಿಗೆ ರಜೆ ಹೊಂದಿಸುವುದು, ಮುಂದಿನ ವರ್ಷ ಮನೆ ಬದಲಿಸುವುದೋ ಬೇಡವೋ, ದಕ್ಷಿಣದ ಬಾಲ್ಕನಿ ಇರುವ ಮನೆಗೆ ಎಷ್ಟು ಅಡ್ವಾನ್ಸ್ ಕೊಡಬೇಕು – ವಾರವಿಡೀ ಬಾಕಿ ಬಿದ್ದಿದ್ದ ಮಾತೆಲ್ಲ ಆ ಕಾಳಿನ ರಾಶಿಯ ಮೇಲೆ ಆಯಿತು. ಮಧ್ಯದಲ್ಲಿ ನಾನು ಎದ್ದು ಬಂದೆ. ಬಾಡಿಗೆದಾರರು ಮನೆ ಬಿಡುವ ಮಾತಾಡುವಾಗ ಮಾಲೀಕ ಅಲ್ಲಿ ಕೂತಿರುವುದು ಶೋಭೆಯಲ್ಲ.

ಅವರೆಯೂ ಹಗಲಿನ ಉದ್ದ ನೋಡಿಕೊಂಡು ಬದುಕುವ ಬೆಳೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ನಾಟಿ ತಳಿಯನ್ನು ಮುಂಗಾರಿನಲ್ಲಿ ಬಿತ್ತಿದರೂ ಹಗಲು ಗಿಡ್ಡವಾಗುವವರೆಗೆ ಅದು ಹೂ ಬಿಡದೆ ಬಳ್ಳಿಯಾಗಿ ಹಬ್ಬುತ್ತಿರುತ್ತದೆ. ಹಗಲು ಕುಗ್ಗಿದ ಮೇಲೆ ಹೂ, ಇಬ್ಬನಿ ಬೀಳುವಾಗ ಕಾಯಿ, ಕಾಯಿಯ ಮೈಮೇಲೆ ಆ ಎಣ್ಣೆಯಂಥ ಘಮ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಗಲಿನ ಹಂಗಿಲ್ಲದೆ ಯಾವ ತಿಂಗಳಲ್ಲಾದರೂ ಹೂ ಬಿಡುವ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ತಳಿಗಳನ್ನು ಕೊಟ್ಟ ಮೇಲೆ ಜೂನ್‌ನಲ್ಲೂ ಅವರೆಕಾಳು ಸಿಗುತ್ತಿದೆ. ರೈತರಿಗೆ ಅದು ದೊಡ್ಡ ಅನುಕೂಲ. ಆದರೂ ಜೂನ್‌ನ ಕಾಳಿನ ಸಾರಿಗೆ ಜನವರಿಯ ರುಚಿ ಬರುವುದಿಲ್ಲ ಎಂಬುದು ನನ್ನ ನಾಲಗೆಯ ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ.

ಸೊಗಡಿನ ಕಾಯಿ ಜನವರಿ ಮುಗಿಯುವವರೆಗೂ ಮಾರುಕಟ್ಟೆಯಲ್ಲಿರುತ್ತದೆ. ಹೊಸದಾಗಿ ಸಂಸಾರ ಹೂಡಿದವರು ಎರಡು ಕೆಜಿಗಿಂತ ಹೆಚ್ಚು ತರಬೇಡಿ. ಕೆಜಿ ಕಾಯಿಗೆ ಅರ್ಧ ಕೆಜಿ ಕಾಳೂ ಬರುವುದಿಲ್ಲ ನಿಜ, ಆದರೆ ಅಷ್ಟನ್ನು ಹಿಸುಕಲು ಇಬ್ಬರಿಗೆ ಒಂದು ಸಂಜೆ ಪೂರ್ತಿ ಬೇಕು.